ಕೂತಿರೋ ಕೆಲಸ

ನಮ್ಮ ಪಟ್ಟಣ ಪಂಚಾಯಿತಿಯಲ್ಲಿ ಯಾರು ಎಷ್ಟು ಕೆಲಸ ಮಾಡ್ತಾರೆ ಅಂತ ಅಳೆಯೋಕೆ ಒಬ್ಬ ಸಲಹೆಗಾರರು ಗಡಿಯಾರ ಹಿಡಿದು ಬಂದರು. ಮೊದಲು ಸಿಕ್ಕಿದ್ದು ಬೀದಿಗೆ ನೀರು ಬಿಡೋ ದುರುಗಣ್ಣ.

ಇಡೀ ದಿನ ನೋಡಿ ಹೇಳಿದರು: "ವಾಲ್ವ್ ತಿರುಗಿಸಿದ್ದು ಹತ್ತು ನಿಮಿಷ. ಮಿಕ್ಕ ಹೊತ್ತೆಲ್ಲ ನೀನು ಬೇವಿನ ಮರದಡಿ ಕೂತಿದ್ದೀಯ. ಈ ಹುದ್ದೆ ಬೇಡ ಅಂತ ಬರೀತೀನಿ."

"ಜನರ ಕೊಡ ತುಂಬೋವರೆಗೂ ಕಾಯಬೇಕಲ್ಲ ಸಾರ್. ಇರಲಿ, ನಾಳೆ ನೋಡಿ. ಕೂರೋದೇ ಇಲ್ಲ."

ಮರುದಿನ ಆರಕ್ಕೇ ಶುರು. ವಾಲ್ವ್ ತೆಗೆದ, ಮುಚ್ಚಿದ. ತೆಗೆದ, ಮುಚ್ಚಿದ. ನಲ್ಲಿಗಳು ಬಿಕ್ಕಳಿಸಿದವು. ಹೆಂಗಸರು ಖಾಲಿ ಕೊಡ ತಂದು ಬೈದರು. "ಸಾಹೇಬ್ರ ಲೆಕ್ಕ ಕಣಕ್ಕ" ಅಂದ, ಮತ್ತೆ ಮುಚ್ಚಿದ.

ಸಾಹೇಬರು ಇಳಿದಿದ್ದ ಲಾಡ್ಜಿಗೂ ಅದೇ ಬೀದಿ ನೀರು. ತಲೆ ತುಂಬ ಸೋಪು, ಸೊಂಟಕ್ಕೆ ಟವೆಲ್ಲು, ಒಂದೇ ಕಣ್ಣು ಬಿಟ್ಕೊಂಡು ಓಡಿ ಬಂದರು.

"ಏನಯ್ಯಾ ಮಾಡ್ತಿದ್ದೀಯ?"

"ಕೆಲಸ ಸಾರ್. ಬೆಳಿಗ್ಗೆ ಆರರಿಂದ ಒಂದು ನಿಮಿಷವೂ ಕೂತಿಲ್ಲ."

"ನೀರು ಬಿಟ್ಟು ಕೂತ್ಕೊಳ್ಳಯ್ಯಾ, ಕಣ್ಣು ಉರೀತಿದೆ."

"ಕೂರ್ತೀನಿ ಸಾರ್. ಕೂರೋದೂ ಈ ಕೆಲಸದಲ್ಲೇ ಸೇರಿದೆ ಅಂತ ಬರೆದುಕೊಡಿ."

ಕಾಗದ, ಪೆನ್ನು ದುರುಗಣ್ಣನ ಜೇಬಲ್ಲೇ ಇದ್ದವು.

ಆ ಕಾಗದಕ್ಕೆ ಗಾಜು ಹಾಕಿಸಿ ಬೇವಿನ ಮರಕ್ಕೇ ನೇತುಹಾಕಿದ್ದಾನೆ. ದಿನಾ ಅದರ ಕೆಳಗೆ ಕೂತು ಕೆಲಸ ಮಾಡ್ತಾನೆ.