ಫಕೀರವ್ವನ ಮೊಸರು ಗಡಿಗೆ ಗುಡ್ಡ ಹತ್ತಿದ್ದು

ಹತ್ತಿರ ಬಂದು ಕೂತು ಕೇಳ್ರಿ. ಬಹಳ ಹಿಂದೆ ಗರಸಿನಾಳ ಅಂತ ಒಂದು ಊರಲ್ಲಿ ಫಕೀರವ್ವ ಅಂತ ಒಬ್ಬಳಿದ್ದಳಂತೆ. ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ. ಡಾಂಬರು ಇನ್ನೂ ನಮ್ಮ ಗುಡ್ಡದ ಕಡೆ ತಿರುಗಿಯೂ ನೋಡಿರದ ಕಾಲ, ಅಷ್ಟೇ. ಅವಳು ಹೆಪ್ಪು ಹಾಕಿದ ಮೊಸರನ್ನು ಗಡಿಗೆ ಸಮೇತ ಬೋರಲು ಹಾಕಿದರೂ ಬೀಳುತ್ತಿರಲಿಲ್ಲವಂತೆ. ನಾನು ಅಷ್ಟು ಹೇಳುವುದಿಲ್ಲಪ್ಪ, ಅರ್ಧ ಬೋರಲು ಅಂತ ಇಟ್ಟುಕೊಳ್ಳಿ.

ಅವಳ ಗಂಡ ಯಂಕಪ್ಪ. ಅವನ ಹತ್ತಿರ ಒಂದು ಬೈಕಿತ್ತು. ನೀವು ನೋಡುವಂಥ ಬೈಕಲ್ಲ. ಎದೆಮಟ್ಟದ ಸೀಟು, ಎರಡೂ ಪಕ್ಕಕ್ಕೆ ತಗಡಿನ ಪೆಟ್ಟಿಗೆ, ಶುರು ಮಾಡಿದರೆ ಓಣಿಯ ಕೋಳಿಗಳೆಲ್ಲ ಮಾಳಿಗೆ ಹತ್ತುತ್ತಿದ್ದವು. ದೇಶ ಸುತ್ತಲು ಹೊರಟಿದ್ದ ಪರವೂರಿನ ಯಾರೋ ಒಬ್ಬ ನಮ್ಮ ಗುಡ್ಡದ ಗರಸಿನಲ್ಲಿ ಬಿದ್ದು ಬಿದ್ದು ಸಾಕಾಗಿ, ಫಕೀರವ್ವನ ಮನೆಯಲ್ಲಿ ಮೊಸರನ್ನ ಉಂಡು, ಬೈಕನ್ನು ಅಲ್ಲೇ ಬಿಟ್ಟು, ಅದಕ್ಕೊಂದು ನಮಸ್ಕಾರ ಹಾಕಿ ಬಸ್ಸು ಹತ್ತಿದನಂತೆ. ಗರಸು ಅಂದರೆ ಗೊತ್ತಲ್ಲ? ಕಡಲೆಯಷ್ಟು, ನಿಂಬೆಕಾಯಿಯಷ್ಟು ಸಡಿಲ ಕಲ್ಲು. ಕಾಲಿಟ್ಟರೆ ಜಾರುತ್ತದೆ, ಗಾಲಿ ಇಟ್ಟರೆ ಉರುಳುತ್ತದೆ.

ಗುಡ್ಡದ ನೆತ್ತಿಯ ಮೇಲೆ ಮೇಲಿನಮಟ್ಟಿ ಅಂತ ಊರು. ಯಂಕಪ್ಪನ ತಂಗಿಯನ್ನು ಅಲ್ಲಿಗೇ ಕೊಟ್ಟಿತ್ತು. ಆ ತಂಗಿಯ ಮಗಳು ಚಂಪವ್ವನಿಗೆ ಮದುವೆ ಗೊತ್ತಾಯಿತು. ಆ ಊರಿನ ಪದ್ಧತಿ ಏನೆಂದರೆ, ಮದುವೆಯ ಬೆಳಿಗ್ಗೆ ಸೋದರಮಾವನ ಮನೆಯಿಂದ ಒಂದು ಗಡಿಗೆ ಮೊಸರು ಬರಬೇಕು, ಅದರ ಕೆನೆ ಒಡೆದಿರಬಾರದು. ಒಡೆದಿದ್ದರೆ ಅವತ್ತು ಅಕ್ಕಿಕಾಳು ಬೀಳುವುದಿಲ್ಲ, ಮುಹೂರ್ತ ಮುಂದಕ್ಕೆ ಹೋಗುತ್ತದೆ. ಮೊದಲೆಲ್ಲ ಹೆಂಗಸರು ಗಡಿಗೆಯನ್ನು ತಲೆಯ ಮೇಲೆ ಹೊತ್ತು ಕಾಲುದಾರಿಯಲ್ಲಿ ಹತ್ತುತ್ತಿದ್ದರು. ಆ ವರ್ಷ ಗುಡ್ಡ ಜರಿದು ಕಾಲುದಾರಿ ಮುಚ್ಚಿಹೋಯಿತು. ಉಳಿದದ್ದು ಗುಡ್ಡ ಸುತ್ತಿ ಹೋಗುವ ಗರಸಿನ ದಾರಿ. ಅದರಲ್ಲಿ ನಡೆದು ಹೋದರೆ ಬಿಸಿಲಿಗೆ ಮೊಸರು ಹುಳಿಯಾಗಿ ನೀರು ಬಿಡುತ್ತಿತ್ತು. ಬೈಕೇ ಗತಿ.

ಯಂಕಪ್ಪ ಮೀಸೆ ತಿರುವಿ ಹೊರಟನಂತೆ. ಗಾಲಿಗೆ ಕಲ್ಲಿನಂತಾಗುವವರೆಗೂ ಗಾಳಿ ಹೊಡೆದ. ಗಡಿಗೆಯನ್ನು ಹಿಂದಿನ ಸೀಟಿನ ಮೇಲೆ ಎತ್ತರಕ್ಕೆ ಬಿಗಿದು ಕಟ್ಟಿದ. ಹ್ಯಾಂಡಲನ್ನು ಮುಷ್ಟಿ ಬೆಳ್ಳಗಾಗುವಂತೆ ಹಿಡಿದ. ಎಮ್ಮೆ ತಿರುವು ಅಂತ ಒಂದು ತಿರುವಿದೆ, ಅಲ್ಲಿ ಗರಸು ಮೊಣಕಾಲು ಮುಳುಗುವಷ್ಟು ಇತ್ತಂತೆ. ಅಲ್ಲಿಗೆ ಹೋದ, ಮುಂದಿನ ಬ್ರೇಕು ಹಿಡಿದ, ಬಿದ್ದ. ಮೊಸರೆಲ್ಲ ಅವನ ಮೀಸೆಗೇ. ಮುಂದಿನ ಮುಹೂರ್ತಕ್ಕೆ ಇನ್ನೂ ಬಿಗಿಯಾಗಿ ಕಟ್ಟಿ ಹೊರಟ, ಅಲ್ಲೇ ಬಿದ್ದ. ಈಗ ಗಂಡಿನ ಕಡೆಯವರಿಗೆ ತಾಳ್ಮೆ ತಪ್ಪಿತು. ಮೂರನೆಯ ಸಲವೂ ಹೀಗೇ ಆದರೆ ಬೇರೆ ಹೆಣ್ಣು ನೋಡುತ್ತೇವೆ ಅಂತ ಹೇಳಿಕಳಿಸಿದರು. ಚಂಪವ್ವನಿಗೋ ಆ ಹುಡುಗ ಬರಮಪ್ಪನ ಮೇಲೆ ಜೀವ. ಅವಳು ಊಟ ಬಿಟ್ಟು ಮೂಲೆ ಹಿಡಿದು ಕೂತಳಂತೆ.

ಆಗ ಫಕೀರವ್ವ ಸೆರಗು ಸಿಕ್ಕಿಸಿಕೊಂಡು ಅಂದಳಂತೆ, "ಈ ಸಲ ಗಾಡಿ ನಾ ಹೊಡಿತೀನಿ."

ಯಂಕಪ್ಪ ನಕ್ಕ. ಅವಳು ಬಿಡಲಿಲ್ಲ. "ನೀವು ಮೊಸರು ಒಯ್ಯಾಕ ಹೋಗಿದ್ದಿಲ್ಲ, ಕುಸ್ತಿ ಹಿಡಿಯಾಕ ಹೋಗಿದ್ರಿ. ಪಾಪ, ಆ ಗಾಡಿ ಕುತ್ತಿಗಿ ಯಾಕ ಅಷ್ಟ ಹಿಚುಕ್ತೀರಿ?"

ಅವತ್ತಿನಿಂದ ಅಭ್ಯಾಸ ಶುರುವಾಯಿತು. ಊರ ಹೊರಗಿನ ಗರಸಿನಲ್ಲಿ ದಿನವೂ ಒಂದು ಗಡಿಗೆ ಮೊಸರು ಇಟ್ಟುಕೊಂಡು ಓಡಿಸುವುದು, ವಾಪಸು ಬಂದು ಮುಚ್ಚಳ ತೆಗೆದು ಕೆನೆ ನೋಡುವುದು. ಯಂಕಪ್ಪನೇ ಬೈಕು ಹಿಡಿದು ಹತ್ತಿಸುತ್ತಿದ್ದ, ಬಂದಾಗ ಅವನೇ ಹಿಡಿದು ಇಳಿಸುತ್ತಿದ್ದ. ಕೆನೆ ಮುಂದಕ್ಕೆ ಬಿರಿದಿದ್ದರೆ ಬ್ರೇಕು ಜೋರಾಯಿತು ಅಂತ ಅವಳಿಗೆ ತಿಳಿಯುತ್ತಿತ್ತು. ಉದ್ದಕ್ಕೂ ಸಣ್ಣಗೆ ಬಿರಿದಿದ್ದರೆ ಗಾಲಿ ಪುಟಿಯಿತು ಅಂತ. ಗಾಲಿಯ ಗಾಳಿ ಸ್ವಲ್ಪ ಬಿಟ್ಟಳು. ಗಾಲಿ ಮೆತ್ತಗಾಗಿ ಕಲ್ಲನ್ನು ತಬ್ಬಿಕೊಂಡಿತು. ಸೀಟಿನ ಕೆಳಗೆ ಯಂಕಪ್ಪ ಬಿಗಿದಿದ್ದ ಸ್ಪ್ರಿಂಗು ಸಡಿಲಿಸಿದಳು. ಗಡಿಗೆಯನ್ನು ಮೇಲಿನಿಂದ ಇಳಿಸಿ, ಪಕ್ಕದ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಸಿಂಬಿ ಮಾಡಿ ಕೂರಿಸಿದಳು. ಇನ್ನೊಂದು ಪಕ್ಕ ಹಗುರವಾಗಿ ಬೈಕು ಎಳೆಯತೊಡಗಿದಾಗ ಅಲ್ಲೂ ಒಂದು ಗಡಿಗೆ ಮೊಸರು ಇಟ್ಟಳು.

ಇಷ್ಟಾದರೂ ಕೆನೆ ಒಡೆಯುತ್ತಲೇ ಇತ್ತು. ಒಂದು ಮಧ್ಯಾಹ್ನ ತಲೆಯ ಮೇಲೆ ಕೊಡ ಹೊತ್ತು ಬಾವಿಯಿಂದ ಬರುವಾಗ ತನ್ನ ಮೊಣಕಾಲು ತಾನೇ ನೋಡಿಕೊಂಡಳಂತೆ. ಕೊಡ ಹೊತ್ತವಳು ಕುತ್ತಿಗೆ ಬಿಗಿ ಹಿಡಿಯುವುದಿಲ್ಲ, ಕಾಲ ಕೆಳಗಿನ ಕಲ್ಲು ನೋಡುವುದಿಲ್ಲ. ಮೊಣಕಾಲು ಸಡಿಲ ಬಿಟ್ಟು, ಕಣ್ಣು ಮನೆಯ ಬಾಗಿಲಿನ ಮೇಲೆ ಇಟ್ಟು ನಡೆಯುತ್ತಾಳೆ. ಮರುದಿನ ಫಕೀರವ್ವ ಬೈಕಿನ ಮೇಲೆ ಎದ್ದು ನಿಂತಳು. ಟ್ಯಾಂಕನ್ನು ಮೊಣಕಾಲಲ್ಲಿ ಹಗುರವಾಗಿ ಅಪ್ಪಿಕೊಂಡು, ಹ್ಯಾಂಡಲನ್ನು ಕೂಸಿನ ಕೈ ಹಿಡಿದ ಹಾಗೆ ಹಿಡಿದಳು. ಬೈಕು ಕೆಳಗೆ ಕುಣಿಯಿತು, ಕುಣಿಯಲಿ ಅಂತ ಬಿಟ್ಟಳು. ವಾಪಸು ಬಂದು ನೋಡಿದರೆ ಕೆನೆ ಕನ್ನಡಿಯಂತಿತ್ತು. ಅಲ್ಲಿಯವರೆಗೂ ಒಡೆದ ಮೊಸರಿನ ಮಜ್ಜಿಗೆ ಕುಡಿದು ಓಣಿಯವರೆಲ್ಲ ಬೆಳ್ಳಗಾಗಿದ್ದರು ಅನ್ನುತ್ತಾರೆ.

ಮದುವೆಯ ಬೆಳಿಗ್ಗೆ ಯಂಕಪ್ಪ ಬೈಕು ಹಿಡಿದು ಹತ್ತಿಸಿದ. ಅವಳು ನಿಂತುಕೊಂಡೇ ಹೊರಟಳು. ಎಮ್ಮೆ ತಿರುವಿನಲ್ಲಿ ಹಿಂದಿನ ಗಾಲಿ ಬಾಲದ ಹಾಗೆ ಅಲ್ಲಾಡಿತಂತೆ. ಅವಳು ಬ್ರೇಕು ಮುಟ್ಟಲಿಲ್ಲ, ಎಕ್ಸಲೇಟರು ಏರಿಸಲೂ ಇಲ್ಲ, ಇಳಿಸಲೂ ಇಲ್ಲ. ತಿರುವಿನಾಚೆಯ ಆಲದ ಮರದ ಮೇಲೆ ಕಣ್ಣಿಟ್ಟು ಹೋದಳು, ಬೈಕು ಅವಳ ಕಣ್ಣಿನ ಹಿಂದೆಯೇ ಹೋಯಿತು. ಕುರಿ ಕಾಯುವವರು ದೇವತೆ ಬಂದಳೆಂದು ಕೈಮುಗಿದರಂತೆ.

ಚಪ್ಪರ ಕಂಡಿತು, ಜನ ಕೂಗಿದರು. ಆಗ ಫಕೀರವ್ವನಿಗೆ ಒಂದು ವಿಷಯ ಹೊಳೆಯಿತು. ಅವಳ ಕಾಲು ನೆಲಕ್ಕೆ ಎಟುಕುವುದಿಲ್ಲ! ಹಿಡಿದು ಇಳಿಸುವ ಯಂಕಪ್ಪ ಗುಡ್ಡದ ಕೆಳಗೆ ಉಳಿದಿದ್ದಾನೆ. ನಿಲ್ಲಿಸಿದರೆ ಬೈಕು ಬೀಳುತ್ತದೆ, ಬಿದ್ದರೆ ಚಂಪವ್ವನ ಮದುವೆಯೂ ಬೀಳುತ್ತದೆ. ಫಕೀರವ್ವ ಚಪ್ಪರ ಸುತ್ತತೊಡಗಿದಳು.

"ಹಿಡೀರೋ ಯಪ್ಪಾ, ಯಾರರ ಹಿಡೀರೋ!"

ಇದೂ ಒಂದು ಶಾಸ್ತ್ರ ಅಂದುಕೊಂಡು ವಾಲಗದವರು ಜೋರಾಗಿ ಬಾರಿಸಿದರು. ಹೆಂಗಸರು ಅಕ್ಕಿಕಾಳು ಎಸೆದರು. ಊರ ಹಿರಿಯರು ತಲೆದೂಗುತ್ತಾ ನಿಂತರು. ಒಳಗಿದ್ದ ಚಂಪವ್ವನಿಗೆ ಮಾತ್ರ ಅತ್ತೆಯ ದನಿಯಲ್ಲಿದ್ದ ಗಾಬರಿ ತಿಳಿಯಿತು. ಅವಳು ನಾಚಿಕೆ ಬಿಟ್ಟು ಬಾಗಿಲಿಗೆ ಬಂದು ಬರಮಪ್ಪನ ಹೆಸರು ಹಿಡಿದೇ ಕೂಗಿದಳಂತೆ. ಮದುಮಗ ಬಾಸಿಂಗ ಕಟ್ಟಿಕೊಂಡೇ ಹಸೆಯಿಂದ ಹಾರಿದ. ಬೈಕಿನ ಜೊತೆ ಜೊತೆಗೇ ಓಡಿ, ಅದು ನಿಧಾನವಾಗುತ್ತಿದ್ದಂತೆ ಹೆಗಲು ಕೊಟ್ಟು ಆನಿಸಿಕೊಂಡ. ಬಾಸಿಂಗ ಮುರಿಯಿತು, ಧೋತರ ಹರಿಯಿತು, ಬೈಕು ಬೀಳಲಿಲ್ಲ.

ಹಿರಿಯರು ಮುಚ್ಚಳ ತೆಗೆದರು. ಎರಡು ಗಡಿಗೆಯಲ್ಲೂ ಕೆನೆಗೆ ಒಂದು ಗೆರೆಯೂ ಬಿದ್ದಿರಲಿಲ್ಲ. ಚಂಪವ್ವ ಅಳುತ್ತಾ ನಗುತ್ತಾ ತಾನೇ ಮೊದಲ ಬೆರಳು ಅದ್ದಿ, ಅದನ್ನು ಬರಮಪ್ಪನ ಬಾಯಿಗೆ ಇಟ್ಟಳಂತೆ. ಎಂಥ ಸಂತೋಷ ಅಂತೀರಿ! ಯಂಕಪ್ಪ ಏದುಸಿರು ಬಿಡುತ್ತಾ ನಡೆದು ಬರುವಷ್ಟರಲ್ಲಿ ಎರಡನೆಯ ಗಡಿಗೆಯೂ ಖಾಲಿಯಾಗಿತ್ತು.

ಈಗಲೂ ಆ ಗುಡ್ಡ ಹತ್ತುವವರು ಕೆಳಗೆ ನಿಂತು, ಗಾಲಿಯ ಗಾಳಿ ಒಂದಿಷ್ಟು ಬಿಟ್ಟು, ಫಕೀರವ್ವಾ ಅಂದು ಎದ್ದು ನಿಂತೇ ಹೋಗುತ್ತಾರೆ. ಮೇಲಿನಮಟ್ಟಿಯ ಮದುವೆಗಳಲ್ಲಿ ಈಗಲೂ ಸೋದರತ್ತೆ ಬೈಕಿನ ಮೇಲೆ ಚಪ್ಪರ ಸುತ್ತುತ್ತಾಳೆ, ಹಿಡೀರೋ ಅಂತ ಕೂಗುತ್ತಾಳೆ, ಮದುಮಗ ಓಡಿಬಂದು ಹಿಡಿಯಬೇಕು. ಮದುಮಗಳು ಬಾಗಿಲಲ್ಲಿ ನಿಂತು ನೋಡುತ್ತಿರುತ್ತಾಳೆ. ಅವನು ಹಿಡಿಯುವ ತನಕ ಅವಳು ಹೊಸ್ತಿಲು ದಾಟುವುದಿಲ್ಲ.