ಸಾಹೇಬರ ಮಗನಿಗೊಂದು ಬೆಂಚು

ಚೀನಾದಲ್ಲಿ ಹಳೇ ಗ್ರಂಥ ಬಾಯಿಪಾಠ ಮಾಡಿ ಬರೆಯುವ ಸರ್ಕಾರಿ ಹುದ್ದೆಯ ಪರೀಕ್ಷೆಗಳು ರದ್ದಾಗಿ ಹೊಸ ಶಾಲೆಗಳು ತೆರೆದ ಕಾಲ. ಒಂದೂರಿನ ಶಾಲೆಗೆ ಮಕ್ಕಳೇ ಬರಲಿಲ್ಲ. ಅಧಿಕಾರಿ ತಾವ್ ಸಾಹೇಬರು ಜನರನ್ನು ಸೇರಿಸಿ ಗದರಿದರು: "ಹಳೇ ಓದು ಸತ್ತಿತು. ನಾಳೆ ಮಕ್ಕಳು ಬರದಿದ್ದರೆ ಅಪ್ಪಂದಿರಿಗೆ ಛಡಿಯೇಟು."

ಅವರ ಮನೆಗೆ ದಿನಾ ಸೋಯಾ ಹಾಲು ಕೊಡುವ ಸೂಯಿನ್ ಕೈಮುಗಿದಳು.

"ಕಳಿಸ್ತೀವಿ ಸ್ವಾಮಿ. ಮುಂದಿನ ಬೆಂಚು ನಿಮ್ಮ ಮಗನಿಗೆ ಅಂತ ಒರೆಸಿಟ್ಟಿದ್ದೀವಿ. ದೊಡ್ಡವರ ಮಗನಿಗಿಂತ ಮೊದಲು ನಮ್ಮ ಮಕ್ಕಳು ಕೂತರೆ ಮರ್ಯಾದೆಯಾ?"

ಸಾಹೇಬರ ಮಗನಿಗೆ ಮನೆಯಲ್ಲಿ ಹಳೇ ಗುರುವಿನಿಂದ ಹಳೇ ಪಾಠವೇ ನಡೆಯುತ್ತಿತ್ತು.

"ಅವನಿಗೆ ಮೈ ಸರಿಯಿಲ್ಲ," ಎಂದರು.

"ಪಾಪ. ಬೆಳಿಗ್ಗೆ ಹಾಲು ಕೊಡುವಾಗ ಗಟ್ಟಿಯಾಗಿ ಬಾಯಿಪಾಠ ಹೇಳ್ತಿದ್ದ."

ಯಾರೂ ನಗಲಿಲ್ಲ. ಸಾಹೇಬರಿಗೆ ಅದರಿಂದಲೇ ಹೆಚ್ಚು ನಾಚಿಕೆಯಾಯಿತು.

ಮರುದಿನ ಅವರೇ ಮಗನ ಕೈ ಹಿಡಿದು ತಲೆ ತಗ್ಗಿಸಿ ಬಂದರು. ಹಿಂದೆಯೇ ಊರಿನ ಮಕ್ಕಳೆಲ್ಲ ಬಂದರು. ಅಂದು ಸಾಹೇಬರು ಭಾಷಣ ಮಾಡಲಿಲ್ಲ.