ಬಾಣಂತಿಯ ಕೋಣೆ ಬೆಚ್ಚಗಾದದ್ದು

"ಗುರುಗಳೇ, ಇನ್ನೂ ಎಷ್ಟು ಪ್ರೀತಿ ಮಾಡಿದರೆ ಅಕ್ಕನ ಮನಸ್ಸು ಕರಗುತ್ತದೆ?" ಎಂದು ಮರುಳಯ್ಯ ಕೇಳಿದ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಆ ಅಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೇ ಬಂದಿದ್ದಳು. ಅವಳಿಗೆಂದು ಅವನು ಬೇರೆ ಕೋಣೆ ಕಟ್ಟಿಸಿದ್ದ, ಹೊಸ ಸೀರೆ ತಂದಿದ್ದ, ಯಾತ್ರೆಗೂ ಕಳಿಸಿದ್ದ. ಆದರೂ ಅವಳು ಆಗಾಗ ಬೈಯುತ್ತಿದ್ದಳು, ಬೈಗುಳ ಶುರುವಾದರೆ ಸಾಕು, ಏನಾದರೂ ತಂದು ಸಮಾಧಾನ ಮಾಡೋಣವೆಂದು ಅವನು ಪೇಟೆಗೆ ಓಡುತ್ತಿದ್ದ. ಈಗ ಅವಳು ಗಂಟು ಕಟ್ಟಿಕೊಂಡು ಕೂತಿದ್ದಾಳೆ, ಸೋಮವಾರ ಹೊರಟುಹೋಗುತ್ತಾಳಂತೆ.

ಗುರುಗಳು ಹರೆಯದಲ್ಲಿ ಹಿಮ ಬೀಳುವ ಬೆಟ್ಟದ ನಾಡಿನಲ್ಲಿ ಕೆಲವು ವರ್ಷ ಇದ್ದವರು. ಅಲ್ಲಿನದೇ ಒಂದು ಕತೆ ಹೇಳಿದರು.

ಆ ನಾಡಿನಲ್ಲಿ ಒಬ್ಬ ಕಂಬಳಿ ವ್ಯಾಪಾರಿಯಿದ್ದ. ಅಲ್ಲಿನ ದೊಡ್ಡ ಮನೆಗಳ ನೆಲಮಾಳಿಗೆಯಲ್ಲಿ ಒಂದು ಬಾಯ್ಲರ್ ಇರುತ್ತದೆ. ಅದರಲ್ಲಿ ಕಾದ ನೀರು ಕೊಳವೆಗಳ ಮೂಲಕ ಕೋಣೆಕೋಣೆಗೂ ಹರಿದು, ಗೋಡೆಗೆ ನಿಲ್ಲಿಸಿದ ಕಬ್ಬಿಣದ ರೇಡಿಯೇಟರನ್ನು ಬಿಸಿ ಮಾಡಿ ಮತ್ತೆ ಕೆಳಗೆ ಬರುತ್ತದೆ. ವ್ಯಾಪಾರಿಯ ಮಗಳು ಬಾಣಂತನಕ್ಕೆ ತವರಿಗೆ ಬಂದಳು. ಮಹಡಿಯ ಮೇಲಿನ ಒಳ್ಳೆಯ ಕೋಣೆಯನ್ನೇ ಅವಳಿಗೆ ಕೊಟ್ಟರು. ಆದರೆ ಆ ಕೋಣೆಯ ರೇಡಿಯೇಟರು ಬುಡದಲ್ಲಿ ಮಾತ್ರ ಬೆಚ್ಚಗೆ, ಮೇಲೆಲ್ಲ ತಣ್ಣಗೆ. ಹಸುಗೂಸಿನ ಕೈಕಾಲು ತಣ್ಣಗಾಗುತ್ತಿದ್ದವು.

ತಂದೆ ಬಾಯ್ಲರಿನ ಉರಿ ಏರಿಸಿದ. ಕೆಳಗೆ ಅಡುಗೆಮನೆಯವರು ಬೆವರಿ ಸುಸ್ತಾದರು, ಮಗಳ ಕೋಣೆ ಹಾಗೇ ಇತ್ತು. ಇನ್ನೂ ಏರಿಸಿದ. ಕಂಬಳಿ ಮಾರುವವನಿಗೆ ಚಳಿ ಎಂದರೆ ಹೊದಿಸುವುದೊಂದೇ ಗೊತ್ತು. ಮಗಳಿಗೆ ಹೊದಿಸಿದ, ಮಗುವಿಗೆ ಹೊದಿಸಿದ, ಕೊನೆಗೆ ಪಾಪ, ರೇಡಿಯೇಟರಿಗೂ ಚಳಿಯೆಂದು ಅಂಗಡಿಯ ಒಳ್ಳೆಯ ಕಂಬಳಿಯನ್ನು ತಂದು ಅದಕ್ಕೂ ಹೊದಿಸಿದ. ಇದ್ದ ಚೂರು ಬಿಸಿಯೂ ಕಂಬಳಿಯೊಳಗೇ ಉಳಿಯಿತು. ಭಾನುವಾರದೊಳಗೆ ಕೋಣೆ ಬೆಚ್ಚಗಾಗದಿದ್ದರೆ ತಾಯಿ ಮಗುವನ್ನು ಕರೆದುಕೊಂಡು ಹೋಗುತ್ತೇವೆ ಎಂದು ಬೀಗರು ಹೇಳಿಕಳಿಸಿದರು. ಮೊಮ್ಮಗ ಮನೆ ಬಿಟ್ಟು ಹೋಗುತ್ತಾನಲ್ಲ ಎಂದು ಕೊರಗಿ ವ್ಯಾಪಾರಿ ಊಟ ಬಿಟ್ಟ.

ಅವನ ಹೆಂಡತಿ ಕೊಳಾಯಿ ರಿಪೇರಿಯ ಮುದುಕನನ್ನು ಕರೆಸಿದಳು. ಮುದುಕ ಬಂದವನೇ ರೇಡಿಯೇಟರಿನ ಕಂಬಳಿ ತೆಗೆದು ಮಡಿಸಿಟ್ಟ. ಆಮೇಲೆ ಕೆಳಗಿಳಿದು ಬಾಯ್ಲರನ್ನೇ ಆರಿಸಿದ. ವ್ಯಾಪಾರಿಗೆ ಸಿಟ್ಟು ಬಂತು.

"ಚಳಿ ಅಂತ ಕರೆಸಿದರೆ ಇರೋ ಬಿಸಿನೂ ಆರಿಸ್ತೀಯಲ್ಲಪ್ಪ?"

"ಬಿಸಿಗೇನೂ ಕಮ್ಮಿ ಇಲ್ಲ ಯಜಮಾನರೇ. ರೇಡಿಯೇಟರಿನ ಮೇಲ್ಗಡೆ ಗಾಳಿ ತುಂಬಿಕೊಂಡಿದೆ, ನೀರಿಗೆ ಒಳಗೆ ಬರೋಕೆ ಜಾಗ ಇಲ್ಲ."

ರೇಡಿಯೇಟರು ತಣಿದ ಮೇಲೆ ಮುದುಕ ಅದರ ಮೇಲ್ತುದಿಯ ಪುಟ್ಟ ತಿರುಪನ್ನು ಕೀಲಿಯಿಂದ ಸ್ವಲ್ಪ ಸಡಿಲಿಸಿದ. ಬುಸ್ ಎಂದು ಸದ್ದಾಯಿತು. ವ್ಯಾಪಾರಿ ಅವನ ಕೈ ಹಿಡಿದು, ಬೇಗ ಮುಚ್ಚು ಎಂದ. ಹಿಂದಿನ ವಾರ ವ್ಯಾಪಾರಿಯೇ ಒಮ್ಮೆ ಅದನ್ನು ತಿರುಗಿಸಿದ್ದನಂತೆ. ಆ ಸದ್ದು ಕೇಳಿ ಏನೋ ಕೆಟ್ಟುಹೋಯಿತೆಂದು ಹೆದರಿ ತಕ್ಷಣ ಬಿಗಿದುಬಿಟ್ಟಿದ್ದನಂತೆ. ಮುದುಕ ನಕ್ಕ. ಸದ್ದು ಬಂದಾಗ ಮುಚ್ಚಬಾರದು, ನೀರು ಬಂದಾಗ ಮುಚ್ಚಬೇಕು, ಅಲ್ಲಿಯವರೆಗೆ ಬಟ್ಟೆ ಹಿಡಿದುಕೊಂಡು ಸುಮ್ಮನೆ ಕೂರಬೇಕು ಎಂದ. ಇಬ್ಬರೂ ಕೂತರು. ಗಾಳಿ ಬಹಳ ಹೊತ್ತು ಬುಸುಗುಟ್ಟಿತು, ಕೆಟ್ಟ ವಾಸನೆಯೂ ಬಂತು. ಕಡೆಗೆ ಕಪ್ಪು ನೀರು ನಾಲ್ಕು ಹನಿ ಬಟ್ಟೆಗೆ ಬಿತ್ತು. ಮುದುಕ ತಿರುಪು ಬಿಗಿದ, ಕಡಿಮೆಯಾಗಿದ್ದ ನೀರನ್ನು ಬಾಯ್ಲರಿಗೆ ತುಂಬಿ ಮತ್ತೆ ಹೊತ್ತಿಸಿದ. ಪ್ರತಿವರ್ಷ ಚಳಿ ಶುರುವಾಗುವಾಗ ಎಲ್ಲ ಕೋಣೆಗಳಲ್ಲೂ ಹೀಗೆ ಮಾಡಬೇಕೆಂದು ಹೇಳಿ ಹೋದ.

ಊಟದ ಹೊತ್ತಿಗೆ ರೇಡಿಯೇಟರು ತುದಿಯವರೆಗೂ ಕಾದಿತ್ತು. ಮಗು ಹೊದಿಕೆ ಒದ್ದು ಕಾಲು ಹೊರಗೆ ಹಾಕಿ ಮಲಗಿತು. ಭಾನುವಾರ ಕರೆದೊಯ್ಯಲು ಬಂದ ಬೀಗರು ಕೋಟು ಬಿಚ್ಚಿ ಕೂತು, ಊಟ ಮಾಡಿಕೊಂಡು ತಾವಷ್ಟೇ ಹಿಂತಿರುಗಿದರು.

ಕತೆ ಕೇಳಿ ಮರುಳಯ್ಯನ ಮುಖ ಅರಳಿತು. ಹಾಗಾದರೆ ಅಕ್ಕನಿಗೆ ಇನ್ನು ಏನೂ ತಂದುಕೊಡಬೇಕಾಗಿಲ್ಲವೇ ಎಂದು ಕೇಳಿದ. ಗುರುಗಳು ಅವನ ಬೆನ್ನು ಸವರಿದರು.

"ಅವಳು ಬೈಯಲು ಶುರುಮಾಡಿದಾಗ ನೀನು ಯಾವತ್ತಾದರೂ ಕೊನೆಯವರೆಗೂ ಕೂತಿದ್ದೀಯಾ, ಮಗು?"